ಯವನರ ನಾಡು, ಯವನರ ಕಡಲು

ಮೂವತ್ತೈದು ವರ್ಷಗಳ ಕಾಲ ಶಾಲೆಯಲ್ಲಿ ಸಂಸ್ಕೃತವನ್ನೂ ಚರಿತ್ರೆಯನ್ನೂ ಬೋಧಿಸಿ ನಾವು ನಿವೃತ್ತರಾಗಿ ಎರಡು ವರ್ಷಗಳಾದುವು. ವಿರಾಮ ದೊರೆತ ಉಪಾಧ್ಯಾಯನಿಗೆ ತಾನು ಹೇಳಿಕೊಟ್ಟ ಪಾಠಗಳು ನೆನಪಿಗೆ ಬರುವುದು ಸಹಜ. ಹೇಳಿಕೊಡದೆ ಬಿಟ್ಟ ಪಾಠಗಳು ನೆನಪಿಗೆ ಬರುವುದು ಅದಕ್ಕಿಂತಲೂ ಸಹಜ. ಅಂತಹ ಒಂದು ಬಾಕಿಯ ವಿಷಯವನ್ನೂ, ಅದು ತೀರಿದ ಬಗೆಯನ್ನೂ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಕರಾವಳಿಯ ಒಂದು ಊರಿನಲ್ಲಿ ಕೆಲಸಕ್ಕಿದ್ದೆವು. ಪ್ರಾಚೀನ ಗ್ರೀಸಿನ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಎರಡು ಸಾಲುಗಳಲ್ಲಿ ಮಾತುಗಳನ್ನು ಬರೆಯುವುದು ನಮ್ಮ ವಾಡಿಕೆ. ಒಂದು ಸಾಲಿನಲ್ಲಿ ಸಂಸ್ಕೃತದ ಪಿತೃ, ಮಾತೃ, ಸಪ್ತ, ದ್ಯೌಃ. ಇನ್ನೊಂದರಲ್ಲಿ ಗ್ರೀಕಿನ ಪತೇರ್, ಮೇತೇರ್, ಹೆಪ್ತ, ಜ್ಯೂಸ್. “ನೋಡಿರಿ, ನಮ್ಮ ಪುರಾಣಗಳು ಯವನರೆಂದು ಕರೆಯುವ ಜನ ಇವರೇ, ಇವರ ಮಾತಿಗೂ ನಮ್ಮ ಸಂಸ್ಕೃತಕ್ಕೂ ಎಂತಹ ನೆಂಟಸ್ತನ!” ಎಂದು ಹೇಳಿ, ಹುಡುಗರ ಕಣ್ಣಿನಲ್ಲಿ ಆಶ್ಚರ್ಯ ಮೂಡುವುದನ್ನು ಕಂಡು ಸಂತೋಷಪಡುತ್ತಿದ್ದೆವು. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು ನಿಂತನು. ಅವನ ತಂದೆ ಕಡಲಿಗೆ ಹೋಗಿ ಬಲೆ ಬೀಸಿ ಜೀವಿಸುವವನು. “ಮಾಸ್ಟ್ರೇ, ಸಮುದ್ರಕ್ಕೆ ಅವರು ಏನು ಹೇಳ್ತಾರೆ? ಅದೂ ನಮ್ಮ ಮಾತಿನ ಹಾಗೆಯೇ ಉಂಟಾ?” ಎಂದು ಕೇಳಿದನು.

ನಮಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳಿದ್ದರೆ ಸಾಕಾಗಿದ್ದಿತು. ಆದರೆ ಆಗ ನಮಗೆ ಪ್ರಾಯವೂ ಚಿಕ್ಕದು, ಅಭಿಮಾನವೂ ದೊಡ್ಡದು. “ಅಧಿಕಪ್ರಸಂಗ ಬೇಡ, ಕುಳಿತುಕೋ” ಎಂದುಬಿಟ್ಟೆವು. ಹುಡುಗ ಕುಳಿತುಕೊಂಡನು. ಆ ವರ್ಷವೆಲ್ಲ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕಳೆದ ಚೈತ್ರದಲ್ಲಿ, ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ನಮ್ಮಿಬ್ಬರನ್ನೂ ಕರೆಸಿಕೊಂಡು, ಹತ್ತು ದಿನಗಳ ರಜೆ ಪಡೆದು ಗ್ರೀಸ್ ದೇಶವನ್ನು ತೋರಿಸಿದನು. ಜೀವಮಾನವೆಲ್ಲ ಪಟದ ಮೇಲೆ ಬೆತ್ತವಿಟ್ಟು ತೋರಿಸಿದ ನಾಡನ್ನು ಕಾಲಿನಿಂದ ಮೆಟ್ಟಿ ನೋಡುವ ಭಾಗ್ಯ ಹೀಗೆ ಒದಗಿತು.

ಮೊದಲ ದಿನ ಅಥೆನ್ಸಿನ ಆಕ್ರೊಪೊಲಿಸ್ ಬಂಡೆಯನ್ನು ಹತ್ತಿ, ಜಗತ್ಪ್ರಸಿದ್ಧವಾದ ಅಮೃತಶಿಲೆಯ ದೇವಾಲಯವನ್ನು ನೋಡಿದೆವು. ಆದರೆ ನಮ್ಮ ಮನೆಯಾಕೆಯ ದೃಷ್ಟಿ ಕಂಬಗಳ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. ನಾಲ್ಕೂ ಕಡೆಯ ಬೋಳುಗುಡ್ಡಗಳ ಮೇಲೆ ಹರಿಯಿತು. “ಅಲ್ಲಾಂದ್ರೆ, ಇಷ್ಟು ವರ್ಷ ದೊಡ್ಡ ಜನ, ದೊಡ್ಡ ಜನ ಅಂತ ಪಾಠ ಹೇಳಿದಿರಲ್ಲ, ಈ ಕಲ್ಲುಗುಡ್ಡಗಳ ಮಧ್ಯೆ ಅವರು ಏನು ಬೆಳೆದು ಏನು ಉಣ್ತಿದ್ದರು?” ಎಂದು ಆಕೆ ಕೇಳಿದಳು. ಸಂಸಾರ ನಡೆಸಿದವರ ಪ್ರಶ್ನೆ ಅದು. ಗ್ರೀಸಿನ ಚರಿತ್ರೆಯನ್ನು ಎಲ್ಲಿಂದ ತೊಡಗಬೇಕೋ ಅಲ್ಲಿಂದಲೇ ಆಕೆ ತೊಡಗಿದಳೆಂದು ನಮಗೆ ತೋರಿತು.

ಗ್ರೀಸ್ ದೇಶದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಬೆಟ್ಟ. ಉತ್ತರದಿಂದ ದಕ್ಷಿಣಕ್ಕೆ ಪಿಂಡಸ್ ಶ್ರೇಣಿಯು ಬೆನ್ನೆಲುಬಿನಂತೆ ಹಾಯ್ದಿರುವುದು. ದೇವತೆಗಳ ನಿವಾಸವೆಂದು ಹೆಸರಾದ ಒಲಿಂಪಸ್ ಶಿಖರದ ಎತ್ತರ ೨,೯೦೦ ಮೀಟರಿಗೂ ಹೆಚ್ಚು. ನಮ್ಮ ಗಂಗೆ, ಕಾವೇರಿ, ತುಂಗಭದ್ರೆಗಳಂತೆ ಬಯಲುಸೀಮೆಗಳನ್ನು ತಣಿಸುವ ಮಹಾನದಿಗಳು ಅಲ್ಲಿಲ್ಲ. ಇರುವ ಹೊಳೆಗಳಲ್ಲಿ ಅನೇಕವು ಚಳಿಗಾಲದಲ್ಲಿ ಭೋರ್ಗರೆದು ಬೇಸಗೆಯಲ್ಲಿ ಬತ್ತುವುವು. ಮಳೆಯ ಕ್ರಮವೂ ನಮ್ಮದಕ್ಕೆ ತಿರುಗುಮುರುಗು: ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಗೆಯೆಲ್ಲ ಒಣಹವೆ. ಅಥೆನ್ಸಿನಲ್ಲಿ ವರ್ಷವೆಲ್ಲ ಬೀಳುವ ಮಳೆ ಸುಮಾರು ೪೦೦ ಮಿಲಿಮೀಟರು ಮಾತ್ರ. ನಮ್ಮ ಕರಾವಳಿಯಲ್ಲಾದರೋ ಅದು ೩,೦೦೦ ಮಿಲಿಮೀಟರನ್ನು ಮೀರುವುದು.

ಇಂತಹ ನೆಲದಲ್ಲಿ ಬೆಳೆಯತಕ್ಕವು ಮುಖ್ಯವಾಗಿ ಮೂರು: ತಗ್ಗಿನಲ್ಲಿ ಜವೆ ಮತ್ತು ಗೋದಿ, ಇಳಿಜಾರಿನಲ್ಲಿ ದ್ರಾಕ್ಷಿ, ಕಲ್ಲುನೆಲದಲ್ಲಿ ಆಲಿವ್. ಈ ಆಲಿವ್ ಮರವು ಮಣ್ಣು ತೆಳುವಾಗಿದ್ದರೂ ಬೇರೂರಿ ಶತಮಾನಗಳ ಕಾಲ ಬಾಳುವುದು. ಆದರೆ ನೆಟ್ಟವನು ಫಲಕ್ಕಾಗಿ ಅನೇಕ ವರ್ಷ ಕಾಯಬೇಕು. ನಮ್ಮಲ್ಲಿ ತೆಂಗಿಗೆ ಯಾವ ಸ್ಥಾನವೋ ಅವರಲ್ಲಿ ಇದಕ್ಕೆ ಆ ಸ್ಥಾನ. ಊಟಕ್ಕೆ ಅದರ ಎಣ್ಣೆ, ದೀಪಕ್ಕೆ ಅದರ ಎಣ್ಣೆ, ಮೈಗೆ ತಿಕ್ಕಿಕೊಳ್ಳುವುದಕ್ಕೂ ಅದೇ ಎಣ್ಣೆ. ಕಾಳು ಮಾತ್ರ ಜನಕ್ಕೆ ಸಾಲದು. ಆದುದರಿಂದ ಕ್ರಿ. ಪೂ. ೫೯೪ರ ಸುಮಾರಿನಲ್ಲಿ ಅಥೆನ್ಸಿಗೆ ಶಾಸನಗಳನ್ನು ಮಾಡಿಕೊಟ್ಟ ಸೋಲನ್ ಎಂಬ ವಿವೇಕಿಯು, ನೆಲದ ಬೆಳೆಗಳಲ್ಲಿ ಆಲಿವ್ ಎಣ್ಣೆಯೊಂದನ್ನುಳಿದು ಬೇರಾವುದನ್ನೂ ಹೊರದೇಶಕ್ಕೆ ಮಾರಕೂಡದೆಂದು ವಿಧಿಸಿದನಂತೆ. ಎಣ್ಣೆ ಹೊರಗೆ ಹೋಗಬೇಕು, ಕಾಳು ಒಳಗೆ ಬರಬೇಕು. ಅಥೆನ್ಸಿನ ಪ್ರಾಬಲ್ಯದ ಕಾಲದಲ್ಲಿ ಅದರ ಧಾನ್ಯದ ಬಹುಭಾಗ ಕಪ್ಪುಸಮುದ್ರದ ದಡಗಳಿಂದ ಹಡಗುಗಳಲ್ಲಿ ಬರುತ್ತಿದ್ದಿತು. ಮನೆಯಲ್ಲಿ ಅಕ್ಕಿ ಸಾಲದವನು ಊರಾಚೆ ದುಡಿಯಲೇಬೇಕಷ್ಟೆ. ಯವನರನ್ನು ಕಡಲಿಗೆ ತಳ್ಳಿದುದು ಮೊದಲು ಸಾಹಸವಲ್ಲ, ಹಸಿವು. ಇದನ್ನು ಹೇಳಿದಾಗ ನಮ್ಮ ಮನೆಯಾಕೆ, “ಹಾಗೆ ಹೇಳಿ, ಈಗ ಅರ್ಥವಾಯಿತು” ಎಂದು ಸಮಾಧಾನಗೊಂಡಳು.

ಮೂರನೆಯ ದಿನ ಕೊರಿಂಥಕ್ಕೆ ಹೋದೆವು. ಅಥೆನ್ಸಿನಿಂದ ಸುಮಾರು ೮೦ ಕಿಲೋಮೀಟರು. ಹಳೆಯ ಊರಿನ ಮೇಲೆ ೫೭೫ ಮೀಟರು ಎತ್ತರದ ಒಂದು ಒಂಟಿಬೆಟ್ಟವಿದೆ. ಅದಕ್ಕೆ ಆಕ್ರೊಕೊರಿಂಥ್ ಎಂದು ಹೆಸರು. ಮಗನ ತೋಳನ್ನು ಹಿಡಿದು ಮೆಲ್ಲಮೆಲ್ಲನೆ ಹತ್ತಿದೆವು. ಮೇಲೆ ನಿಂತಾಗ ಎಡಕ್ಕೊಂದು ಕಡಲು, ಬಲಕ್ಕೊಂದು ಕಡಲು. ನಡುವೆ ಸುಮಾರು ೬ ಕಿಲೋಮೀಟರು ಅಗಲದ ನೆಲದ ಕತ್ತು. ಈ ಕತ್ತು ಇಲ್ಲದಿದ್ದರೆ ಗ್ರೀಸಿನ ದಕ್ಷಿಣಾರ್ಧವು ದ್ವೀಪವೇ ಆಗುತ್ತಿದ್ದಿತು. ಕ್ರಿ. ಪೂ. ೬೦೦ರ ಸುಮಾರಿಗೆ ಕೊರಿಂಥದವರು ಈ ಕತ್ತಿನ ಮೇಲೆ ಕಲ್ಲು ಹಾಸಿ ದಾರಿಯನ್ನು ಮಾಡಿ, ಹಡಗುಗಳನ್ನೂ ಸರಕುಗಳನ್ನೂ ಒಂದು ಕಡಲಿನಿಂದ ಇನ್ನೊಂದಕ್ಕೆ ನೆಲದ ಮೇಲೆ ಎಳೆದು ಸಾಗಿಸುತ್ತಿದ್ದರು. ಕಾಲುವೆ ತೋಡುವ ಯತ್ನವನ್ನು ರೋಮಿನ ನೀರೋ ಚಕ್ರವರ್ತಿಯು ಮಾಡಿ ಬಿಟ್ಟನು. ಅದು ಮುಗಿದುದು ೧೮೯೩ರಲ್ಲಿ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಬಂಡೆಯನ್ನು ಕತ್ತಿಯಿಂದ ಸೀಳಿದಂತೆ ತೋರುವುದು.

ಆ ಬೆಟ್ಟದ ಮೇಲಿನಿಂದ ಸುತ್ತಲೂ ನೋಡಿದಾಗ, ಪಟದ ಮೇಲೆ ನಾವು ಎಂದೂ ಕಾಣದಿದ್ದ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಬೆಟ್ಟಗಳು ಬೇಲಿಗಳಂತೆ ನಿಂತಿವೆ, ಒಂದೊಂದು ಬೇಲಿಯ ಒಳಗೆ ಒಂದೊಂದು ಸಣ್ಣ ಬಯಲು, ಬಯಲಿಗೊಂದು ಪಟ್ಟಣ. ಆ ಬೆಟ್ಟದಾಚೆ ಆರ್ಗಾಸ್, ಅದರಾಚೆ ಇನ್ನೂ ದಕ್ಷಿಣಕ್ಕೆ ಸ್ಪಾರ್ಟಾ. ಈಚೆ ಕೊರಿಂಥ್, ಕೊಲ್ಲಿಯಾಚೆ ಅಥೆನ್ಸ್. ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಕಣಿವೆಯ ದಾರಿ ಹಿಡಿದು ಒಂದೆರಡು ದಿನ ನಡೆದರೆ ಸಾಕು. ಆದರೂ ಅದು ಬೇರೆ ರಾಜ್ಯ, ಬೇರೆ ನಾಣ್ಯ, ಬೇರೆ ಪಂಚಾಂಗ. ಹೀಗೆ ಬಿಡಿಬಿಡಿಯಾಗಿದ್ದ ಪುರರಾಜ್ಯಗಳ ಸಂಖ್ಯೆ ಎಲ್ಲ ಕಾಲಗಳನ್ನೂ ಎಲ್ಲ ತೀರಗಳನ್ನೂ ಸೇರಿಸಿ ಎಣಿಸಿದರೆ ಸಾವಿರವನ್ನು ಮೀರುವುದೆಂದು ವಿದ್ವಾಂಸರು ಗಣನೆಮಾಡಿರುವರು. ಊರು ಚಿಕ್ಕದಾದುದರಿಂದ ಪುರಜನರು ಒಂದೇ ಬಯಲಿನಲ್ಲಿ ಸೇರಿ, ಎದುರೆದುರು ನಿಂತು ಮಾತನಾಡಿ, ರಾಜ್ಯಕಾರ್ಯವನ್ನು ನಿರ್ಧರಿಸುವುದು ಸಾಧ್ಯವಾಯಿತು. ಪ್ರಜಾಪ್ರಭುತ್ವವೆಂಬ ಪ್ರಯೋಗಕ್ಕೆ ಅಥೆನ್ಸಿನಲ್ಲಿ ಅವಕಾಶವಾದುದಕ್ಕೆ ಈ ಚಿಕ್ಕತನವೂ ಒಂದು ಕಾರಣ.

ಆದರೆ ಗುಣವನ್ನು ಹೇಳಿ ದೋಷವನ್ನು ಮುಚ್ಚುವುದು ಉಪಾಧ್ಯಾಯನಿಗೆ ತಕ್ಕುದಲ್ಲ. ಆ ಸಭೆಗಳಲ್ಲಿ ಹೆಂಗಸರಿಗೆ ಸ್ಥಳವಿರಲಿಲ್ಲ. ಗುಲಾಮರಿಗಂತೂ ಮನುಷ್ಯರೆಂಬ ಎಣಿಕೆಯೇ ಇರಲಿಲ್ಲ. ಬೇಲಿಗಳ ಒಳಗೆ ಬೆಳೆದ ಸ್ವಾತಂತ್ರ್ಯವು ಬೇಲಿಯಾಚೆಯವನನ್ನು ನೆರೆಯವನೆಂದು ತಿಳಿಯಲಿಲ್ಲ. ಕ್ರಿ. ಪೂ. ೪೩೧ರಿಂದ ೪೦೪ರ ವರೆಗೆ ಅಥೆನ್ಸ್ ಮತ್ತು ಸ್ಪಾರ್ಟಾಗಳು ಎಲ್ಲ ಗ್ರೀಕರನ್ನೂ ಎಳೆದುಕೊಂಡು ಹೊಡೆದಾಡಿದುವು. ಶತ್ರುವಿನ ಆಲಿವ್ ತೋಟಗಳನ್ನು ಕಡಿಯುವುದೂ ಆ ಯುದ್ಧಗಳ ಒಂದು ರೀತಿಯಾಗಿದ್ದಿತು. ಕೊನೆಗೆ ಕ್ರಿ. ಪೂ. ೩೩೮ರಲ್ಲಿ ಕೈರೋನಿಯದ ರಣರಂಗದಲ್ಲಿ ಮ್ಯಾಸಿಡೋನಿಯದ ಫಿಲಿಪ್ ರಾಜನು ಅವರನ್ನು ಸೋಲಿಸಿದನು. ಬೆಟ್ಟಗಳು ಕೊಟ್ಟುದನ್ನು ಬೆಟ್ಟಗಳೇ ಕೊಂಡುಹೋದುವೆಂದು ಹೇಳಬಹುದು.

ಇಷ್ಟನ್ನು ನಾವು ತರಗತಿಯಲ್ಲಿಯೂ ಹೇಳುತ್ತಿದ್ದೆವು. ಬೆಟ್ಟಗಳು ಜನವನ್ನು ಬೇರ್ಪಡಿಸಿದುವು, ಸಮುದ್ರವೂ ಬೇರ್ಪಡಿಸಿತು, ಆದುದರಿಂದ ಗ್ರೀಕರು ಒಂದಾಗಲಿಲ್ಲ ಎಂಬುದು ನಮ್ಮ ಪಾಠ. ಅದರ ಅರ್ಧ ತಪ್ಪೆಂಬುದು ಐದನೆಯ ದಿನ ಸೂನಿಯನ್ ಭೂಶಿರದಲ್ಲಿ ತಿಳಿಯಿತು. ಅಥೆನ್ಸಿನಿಂದ ದಕ್ಷಿಣಕ್ಕೆ ಸುಮಾರು ೭೦ ಕಿಲೋಮೀಟರು ದೂರದಲ್ಲಿ, ಕಡಲಿನ ಮೇಲೆ ಕಡಿದಾಗಿ ನಿಂತ ಬಂಡೆಯ ತುದಿಯಲ್ಲಿ, ಸಮುದ್ರದೇವನಾದ ಪೊಸೈಡನನ ದೇವಾಲಯದ ಬಿಳಿಯ ಕಂಬಗಳು ನಿಂತಿವೆ. ದಾರಿಯಲ್ಲಿ ಲಾರಿಯನ್ ಎಂಬ ಬೆಳ್ಳಿಯ ಗಣಿಗಳ ಸೀಮೆ ಸಿಕ್ಕುವುದು. ಕ್ರಿ. ಪೂ. ೪೮೩ರಲ್ಲಿ ಅಲ್ಲಿ ಹೊಸದಾಗಿ ದೊರೆತ ಬೆಳ್ಳಿಯನ್ನು ಜನರಿಗೆ ಹಂಚಬಾರದು, ಹಡಗು ಕಟ್ಟಬೇಕೆಂದು ಥೆಮಿಸ್ಟೊಕ್ಲೀಸ್ ಎಂಬ ಮುಖಂಡನು ಅಥೆನ್ಸಿನವರನ್ನು ಒಪ್ಪಿಸಿದನು. ಮೂರೇ ವರ್ಷಗಳಲ್ಲಿ, ಕ್ರಿ. ಪೂ. ೪೮೦ರಲ್ಲಿ, ಆ ಹಡಗುಗಳೇ ಸಲಾಮಿಸಿನ ಇಕ್ಕಟ್ಟಾದ ಜಲಸಂಧಿಯಲ್ಲಿ ಪಾರಸಿಕರ ಮಹಾನೌಕಾಬಲವನ್ನು ಮುರಿದುವು.

ಕಂಬಗಳ ನೆರಳಿನಲ್ಲಿ ಕುಳಿತು ಕಡಲನ್ನು ನೋಡಿದೆವು. ನಮ್ಮ ಅರಬ್ಬೀ ಸಮುದ್ರವನ್ನು ನೋಡಿ ಬೆಳೆದ ಕಣ್ಣಿಗೆ ಸಮುದ್ರವೆಂದರೆ ಆಚೆದಡವಿಲ್ಲದ ನೀರು. ಇಲ್ಲಿ ಹಾಗಲ್ಲ. ಎದುರಿಗೆ ಒಂದು ದ್ವೀಪ, ಅದರ ಹಿಂದೆ ಮಸುಕಾಗಿ ಇನ್ನೊಂದು, ಅದರಾಚೆ ಮೋಡವೋ ಬೆಟ್ಟವೋ ಎನ್ನುವಂತೆ ಮತ್ತೊಂದು. ಹೊಳೆ ದಾಟುವುದಕ್ಕೆ ನಮ್ಮ ಹಳ್ಳಿಗರು ಹಾರುಗಲ್ಲುಗಳನ್ನು ಇಟ್ಟಂತೆ ಯಾರೋ ಕಡಲಿನಲ್ಲಿ ದ್ವೀಪಗಳನ್ನು ಇಟ್ಟುಹೋದಂತಿದೆ. ಹವೆ ತಿಳಿಯಾಗಿರುವಾಗ ಈ ಈಜಿಯನ್ ಸಮುದ್ರದಲ್ಲಿ ನೆಲವು ಕಣ್ಣಿಗೆ ಮರೆಯಾಗುವ ಸ್ಥಳಗಳೇ ಕಡಿಮೆ. ಬೇಸಗೆಯಲ್ಲಿ ಉತ್ತರದಿಂದ ಗಾಳಿ ನಿಯಮವಾಗಿ ಬೀಸುವುದು. ದೇಶದ ಯಾವ ಮೂಲೆಯೂ ಕಡಲಿಗೆ ಸುಮಾರು ೧೪೦ ಕಿಲೋಮೀಟರಿಗಿಂತ ದೂರವಿಲ್ಲ. ಬೆಟ್ಟ ಹತ್ತಿ ಇಳಿದು ನೆರೆಯೂರಿಗೆ ಹೋಗುವುದಕ್ಕಿಂತ ದೋಣಿಯೇರಿ ದೂರದ ದ್ವೀಪಕ್ಕೆ ಹೋಗುವುದು ಎಷ್ಟೋ ಕಡೆ ಸುಲಭ. ಬೇರ್ಪಡಿಸಿದುದು ನೆಲ, ಕೂಡಿಸಿದುದು ನೀರು. ಇದನ್ನು ನಾವು ಮೂವತ್ತೈದು ವರ್ಷ ತಲೆಕೆಳಗಾಗಿ ಹೇಳಿದೆವಲ್ಲ ಎಂದು ನಾಚಿಕೆಯಾಯಿತು.

ಈ ನೀರಿನ ದಾರಿ ಹಿಡಿದು ಗ್ರೀಕರು ಕ್ರಿ. ಪೂ. ಎಂಟನೆಯ ಶತಮಾನದಿಂದ ಮುಂದೆ ಸಿಸಿಲಿ, ಇಟಲಿ, ಕಪ್ಪುಸಮುದ್ರದ ತೀರಗಳಲ್ಲೆಲ್ಲ ಊರುಗಳನ್ನು ಕಟ್ಟಿದರು. ಇಂದಿನ ಫ್ರಾನ್ಸಿನ ಮಾರ್ಸೇಲ್ಸ್ ನಗರವು ಕ್ರಿ. ಪೂ. ೬೦೦ರ ಸುಮಾರಿಗೆ ಅವರು ನೆಲೆಗೊಳಿಸಿದುದು. ತನ್ನ ಜನ ಕಡಲಿನ ಸುತ್ತಲೂ ಕೆರೆಯ ದಡದ ಕಪ್ಪೆಗಳಂತೆ ವಾಸಿಸುವರೆಂಬ ಉಪಮೆಯನ್ನು ತತ್ತ್ವಜ್ಞಾನಿಯಾದ ಪ್ಲೇಟೋ ಒಂದು ಸಂವಾದದಲ್ಲಿ ತಂದಿರುವನು. ನಮ್ಮ ಶಾಸ್ತ್ರಕಾರರ ಕೂಪಮಂಡೂಕವು ಬಾವಿಯ ಒಳಗಿನದು. ಇದು ದಡದ ಕಪ್ಪೆ, ಆಚೆದಡವನ್ನು ನೋಡಬಲ್ಲುದು. ಭೇದವು ಅಲ್ಲಿಯೇ ಇದೆ.

ಆದರೆ ಸೂನಿಯನ್ನಿನಲ್ಲಿ ಕುಳಿತಾಗಲೇ ಇನ್ನೊಂದು ಪ್ರಶ್ನೆ ಹುಟ್ಟಿತು. ಗ್ರೀಕ್ ಮಾತನ್ನಾಡುವ ಜನರ ಪೂರ್ವಜರು ಉತ್ತರದ ಕಡೆಯಿಂದ, ಕುದುರೆಯನ್ನು ಬಲ್ಲ ಒಳನಾಡಿನಿಂದ ಬಂದವರು, ಬಂದುದು ಕ್ರಿ. ಪೂ. ಮೂರನೆಯ ಸಹಸ್ರಮಾನದ ಕೊನೆಯ ಸುಮಾರಿನಲ್ಲಿ ಎಂಬುದು ಹಲವರ ಎಣಿಕೆ. ಹೊಳೆ ಕೆರೆಗಳ ದೋಣಿಯನ್ನು ಕಂಡಿದ್ದವರಿಗೆ ಈ ಕಡಲನ್ನು ಕಲಿಸಿದವರು ಯಾರು?

ಆ ರಾತ್ರಿ ಪಿರೇಯಸ್ ಬಂದರಿನಲ್ಲಿ ಹಡಗು ಹತ್ತಿ ಕ್ರೀಟ್ ದ್ವೀಪಕ್ಕೆ ಹೊರಟೆವು. ರಾತ್ರಿ ಹೊರಟರೆ ಬೆಳಿಗ್ಗೆ ಹೆರಾಕ್ಲಿಯನ್ ಬಂದರನ್ನು ಮುಟ್ಟುವುದು. ಮೇಲಟ್ಟದಲ್ಲಿ ನಮ್ಮಷ್ಟೇ ವಯಸ್ಸಿನ ಗ್ರೀಕನೊಬ್ಬನು ಕುಳಿತಿದ್ದನು. ನಮಗೆ ಅವನ ಭಾಷೆ ಬಾರದು, ಅವನಿಗೆ ನಮ್ಮದು ಬಾರದು. ಮೂವತ್ತು ವರ್ಷದ ಬಾಕಿ ನೆನಪಾಗಿ, ಕತ್ತಲಿನಲ್ಲಿ ಮಿನುಗುತ್ತಿದ್ದ ನೀರನ್ನು ಕೈತೋರಿಸಿ ಇದಕ್ಕೇನೆನ್ನುವಿರೆಂದು ಸನ್ನೆಮಾಡಿದೆವು. ಅವನು ನಕ್ಕು, ಮಗುವಿಗೆ ಹೇಳಿಕೊಡುವಂತೆ ನಿಧಾನವಾಗಿ, “ಥಾಲಸ್ಸಾ” ಎಂದನು.

ಯಾವ ಪದಕ್ಕೂ ನಿರ್ವಚನ ಹೇಳದೆ ಬಿಡಬಾರದೆಂಬುದು ಯಾಸ್ಕಾಚಾರ್ಯರ ಪಂಥ. ನಾವೂ ಆ ಪಂಥದವರೇ. ರಾತ್ರಿಯೆಲ್ಲ ಮಲಗಿದಲ್ಲಿಯೇ ‘ಥಾಲಸ್ಸಾ’ ಎಂಬುದಕ್ಕೆ ಧಾತುಪಾಠವನ್ನೆಲ್ಲ ಹುಡುಕಿದೆವು. ಒಂದು ಧಾತುವೂ ಒಗ್ಗಲಿಲ್ಲ. ನೌಕೆಗೆ ಗ್ರೀಕಿನಲ್ಲಿ ‘ನೌಸ್’ ಎನ್ನುವರು. ಅದು ನಮ್ಮ ‘ನೌ’ ಎಂಬುದೇ. ದೋಣಿಯ ಮಾತು ನೆಂಟನಾಗಿ, ಕಡಲಿನ ಮಾತು ಪರಕೀಯವಾಗಿ ನಿಂತಿತು.

ಉತ್ತರ ದೊರೆತುದು ಮರುದಿನ, ಕ್ನೊಸ್ಸಾಸಿನಲ್ಲಿ. ಹೆರಾಕ್ಲಿಯನ್ನಿನಿಂದ ೫ ಕಿಲೋಮೀಟರು ದೂರದ ಈ ದಿಬ್ಬದಲ್ಲಿ ೧೯೦೦ರಿಂದ ಆರ್ಥರ್ ಈವನ್ಸ್ ಎಂಬ ಇಂಗ್ಲಿಷ್ ವಿದ್ವಾಂಸನು ಅಗೆಯಿಸಿ, ಗ್ರೀಕರಿಗಿಂತಲೂ ಹಿಂದಿನ ಒಂದು ಅರಮನೆಯನ್ನು ಹೊರತೆಗೆದನು. ಅವನು ಸಿಮೆಂಟಿನಿಂದ ಮರಳಿ ಕಟ್ಟಿಸಿದ ಭಾಗಗಳ ವಿಷಯದಲ್ಲಿ ಪಂಡಿತರಿಗೆ ಆಕ್ಷೇಪಣೆ ಉಂಟು; ಆದರೂ ಮಹಡಿಯ ಮೇಲೆ ಮಹಡಿ, ಬೆಳಕಿನ ಬಾವಿಗಳು, ನೀರು ಹರಿಯುವ ಮಣ್ಣಿನ ಕೊಳವೆಗಳು, ಆಳೆತ್ತರದ ಎಣ್ಣೆಯ ಗುಡಾಣಗಳು ಇವನ್ನೆಲ್ಲ ನೋಡಿದಾಗ ಇದು ಕ್ರಿಸ್ತನಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನದೆಂಬುದು ನಂಬಲಾರದಂತೆ ತೋರುವುದು. ಗ್ರೀಕ್ ಮಾತನ್ನಾಡಿದ ಅರಸರು ಕಟ್ಟಿದ ಮೈಸಿನಿಯನ್ನು ನಾವು ಕೊರಿಂಥದಿಂದ ಹೋಗಿ ನೋಡಿದ್ದೆವು. ಅಲ್ಲಿ ರಾಕ್ಷಸರು ಇಟ್ಟರೆನ್ನುವಂತಹ ಬಂಡೆಗಳ ಕೋಟೆ, ಕ್ರಿ. ಪೂ. ೧೨೫೦ರ ಸುಮಾರಿನ ಸಿಂಹದ್ವಾರ. ಇಲ್ಲಿ ಅಂತಹ ಕೋಟೆಯೇ ಇಲ್ಲ. ಈ ಜನಕ್ಕೆ ಕಡಲೇ ಕಂದಕವಾಗಿದ್ದಿರಬೇಕು. ಈ ದಿಬ್ಬದ ತಳದಲ್ಲಿ ಬೇಸಾಯಗಾರರು ನೆಲಸಿದುದು ಸುಮಾರು ೯,೦೦೦ ವರ್ಷಗಳ ಹಿಂದೆ. ಅವರಾದರೂ ದನ ಕುರಿಗಳನ್ನೂ ಬೀಜವನ್ನೂ ಹಡಗಿನಲ್ಲಿ ತಂದೇ ಇಳಿದಿರಬೇಕು, ದ್ವೀಪಕ್ಕೆ ಬೇರೆ ದಾರಿಯಿಲ್ಲ. ಅದಕ್ಕೂ ಮೊದಲು, ೧೦,೦೦೦ ವರ್ಷಗಳಿಗೆ ಹಿಂದೆಯೇ, ಮೀಲಾಸ್ ದ್ವೀಪದಲ್ಲಿ ಮಾತ್ರ ದೊರೆಯುವ ಬಗೆಯ ಒಬ್ಸಿಡಿಯನ್ ಎಂಬ ಗಾಜಿನಂತಹ ಕರಿಗಲ್ಲನ್ನು ಯಾರೋ ನೀರು ದಾಟಿಸಿ ತಂದು ಆರ್ಗಾಸ್ ಸೀಮೆಯ ಫ್ರಾಂಕ್ತಿ ಗವಿಯಲ್ಲಿ ಬಿಟ್ಟುಹೋಗಿರುವರು. ಕಡಲಿನ ಪಾಠ ಆ ನೆಲದಲ್ಲಿ ಅಷ್ಟು ಹಳೆಯದು.

ಅರಮನೆಯ ಒಂದು ಕೋಣೆಯಲ್ಲಿ ಮಣ್ಣಿನ ಸ್ನಾನದ ತೊಟ್ಟಿಯೊಂದನ್ನು ತೋರಿಸಿದರು. ಹೋಮರನ ಕಾವ್ಯಗಳಲ್ಲಿ ಇಂತಹ ತೊಟ್ಟಿಗೆ ‘ಅಸಾಮಿಂಥೊಸ್’ ಎಂಬ ಹೆಸರಿದೆ. ಇಲ್ಲಿ ಭಾಷಾಶಾಸ್ತ್ರಜ್ಞರು ಕಂಡುಹಿಡಿದ ಒಂದು ಗುರುತನ್ನು ವಾಚಕರಿಗೆ ತಿಳಿಸಬೇಕು. ಗ್ರೀಕಿನಲ್ಲಿ ‘ಇಂಥೊಸ್’, ‘ಸ್ಸೊಸ್’ ಎಂದು ಮುಗಿಯುವ ಎಷ್ಟೋ ಹೆಸರುಗಳುಂಟು: ಕೊರಿಂಥೊಸ್, ಲಬಿರಿಂಥೊಸ್, ಕ್ನೊಸ್ಸೊಸ್, ಪಾರ್ನಸ್ಸೊಸ್. ಇವು ಗ್ರೀಕರು ತಂದ ಮಾತುಗಳಲ್ಲ. ಅವರಿಗಿಂತ ಮೊದಲು ಅಲ್ಲಿದ್ದವರ ಮಾತುಗಳು. ಅಥೆನ್ಸ್ ಎಂಬ ಹೆಸರಿಗೂ ಗ್ರೀಕಿನಲ್ಲಿ ಮೂಲ ದೊರೆಯದು. ಆಲಿವಿನ ಹೆಸರು, ಅಂಜೂರದ ಹೆಸರು ಇವೂ ಹಾಗೆಯೇ. ಸ್ನಾನದ ತೊಟ್ಟಿಯ ಹೆಸರೂ ಎರವಲಿನದೆಂದು ಹೇಳಿದಾಗ ನಮ್ಮ ಮನೆಯಾಕೆ, “ಹಾಗಾದರೆ ಮೀಯೋದನ್ನೂ ಅವರಿಗೆ ಯಾರೋ ಕಲಿಸಬೇಕಾಯಿತೇ?” ಎಂದು ನಕ್ಕಳು. ‘ಥಾಲಸ್ಸಾ’ ಎಂಬುದೂ ಈ ಎರವಲಿನ ಗುಂಪಿಗೇ ಸೇರಿದುದು. ರಾತ್ರಿಯೆಲ್ಲ ಧಾತುಗಳನ್ನು ಹುಡುಕಿ ಸೋತ ಕಾರಣ ಈಗ ತಿಳಿಯಿತು. ಗ್ರೀಕರು ದೋಣಿಯ ಮಾತನ್ನು ತಂದರು. ಕಡಲಿನ ಮಾತನ್ನು ಇಲ್ಲಿ, ಇಲ್ಲಿಯವರಿಂದ ಕಲಿತರು.

ಗ್ರೀಕರೇ ಇದನ್ನು ಪೂರ್ತಿಯಾಗಿ ಮರೆತವರಲ್ಲ. ಕ್ರಿ. ಪೂ. ಐದನೆಯ ಶತಮಾನದ ಹೆರೋಡೋಟಸನು ತಮಗಿಂತ ಮೊದಲು ಪೆಲಾಸ್ಗಿಯನರೆಂಬ ಜನರಿದ್ದರೆಂದು ಬರೆದಿರುವನು. ಥೂಸಿಡಿಡೀಸನು ಮೊತ್ತಮೊದಲು ನೌಕಾಪಡೆ ಕಟ್ಟಿ ಈ ಕಡಲನ್ನಾಳಿದವನು ಕ್ರೀಟಿನ ಮಿನೋಸ್ ಅರಸನೆಂದು ಕೇಳಿಬಂದ ಮಾತನ್ನು ದಾಖಲಿಸಿರುವನು. ಹೆರಾಕ್ಲಿಯನ್ನಿನ ವಸ್ತುಸಂಗ್ರಹಾಲಯದಲ್ಲಿ ಆ ಹಳಬರ ಬರಹವಿರುವ ಜೇಡಿಯ ಹಲಗೆಗಳಿವೆ. ಆ ಲಿಪಿಯನ್ನು ಓದುವುದು ಇಂದಿಗೂ ಸಾಧ್ಯವಾಗಿಲ್ಲ. ಅದರಿಂದ ಹುಟ್ಟಿದ ಎರಡನೆಯ ಲಿಪಿಯನ್ನು ಮೈಕೇಲ್ ವೆಂಟ್ರಿಸ್ ಎಂಬ ಇಂಗ್ಲಿಷ್ ಯುವಕನು ೧೯೫೨ರಲ್ಲಿ ಬಿಡಿಸಿದನು. ಅದರ ಭಾಷೆ ಗ್ರೀಕೆಂದು ತಿಳಿದಾಗ ವಿದ್ವಲ್ಲೋಕವೆಲ್ಲ ಬೆರಗಾಯಿತು. ಅಂದರೆ ಗ್ರೀಕರು ಬರೆಯುವುದನ್ನೂ ಈ ಹಳಬರಿಂದಲೇ ಮೊದಲು ಕಲಿತರು. ಕ್ರಿ. ಪೂ. ೧೨೦೦ರ ಸುಮಾರಿನಲ್ಲಿ ಅರಮನೆಗಳೆಲ್ಲ ಕೆಟ್ಟು, ಆ ವಿದ್ಯೆಯೂ ಮರೆತುಹೋಯಿತು. ಸುಮಾರು ನಾನೂರು ವರ್ಷಗಳ ಮೇಲೆ ಎರಡನೆಯ ಬಾರಿ ಅಕ್ಷರಾಭ್ಯಾಸವಾದುದು ಇಂದಿನ ಲೆಬನಾನ್ ತೀರದ ಫಿನೀಷಿಯನ್ ವರ್ತಕರಿಂದ. ಆಲ್ಫ, ಬೀಟ ಎಂಬ ಹೆಸರುಗಳಿಗೆ ಗ್ರೀಕಿನಲ್ಲಿ ಅರ್ಥವಿಲ್ಲ. ಫಿನೀಷಿಯನರ ಮಾತಿನಲ್ಲಿ ಒಂದು ಎತ್ತು, ಇನ್ನೊಂದು ಮನೆ. ಆ ಲಿಪಿಯಲ್ಲಿ ವ್ಯಂಜನಗಳು ಮಾತ್ರವಿದ್ದುವು. ತಮಗೆ ಬೇಡವಾದ ಕೆಲವು ಗುರುತುಗಳನ್ನು ಗ್ರೀಕರು ಸ್ವರಗಳಿಗೆ ಬಳಸಿಕೊಂಡರು. ಪಡೆದುದು ನೆರೆಯವರದು, ಕೂಡಿಸಿದುದು ತಮ್ಮದು. ಅವರ ಹಿರಿಮೆ ಇರುವುದು ಈ ಕೂಡಿಸುವಿಕೆಯಲ್ಲಿ.

ಬಂದವರು ಹಳಬರನ್ನು ನಿರ್ಮೂಲಮಾಡಿ ನೆಲವನ್ನು ಹಿಡಿದರೆಂದು ನಾವು ಹುಡುಗರಿಗೆ ಹೇಳುತ್ತಿದ್ದೆವು. ಅದೂ ಸರಿಯಲ್ಲ. ಹಳೆಯ ಅಸ್ಥಿಗಳಲ್ಲಿನ ವಂಶವಾಹಿಗಳನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಕ್ರೀಟಿನ ಹಳಬರೂ ಮೈಸಿನಿಯ ಗ್ರೀಕರೂ ಹತ್ತಿರದ ರಕ್ತಸಂಬಂಧಿಗಳು. ಇಬ್ಬರಲ್ಲಿಯೂ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದ ಅಂಶವು ಆ ತೀರಗಳ ಮೊದಲ ಬೇಸಾಯಗಾರರದು. ಮೈಸಿನಿಯವರಲ್ಲಿ ಉತ್ತರದಿಂದ ಬಂದ ಅಂಶವೊಂದು ಹೆಚ್ಚಾಗಿ ಸೇರಿದೆ. ಹಾಗಾದರೆ ಗುರುವೂ ಶಿಷ್ಯನೂ ಒಂದೇ ಮನೆಯಲ್ಲಿ ಬಾಳಿ, ಒಂದೇ ಕುಟುಂಬವಾದರೆಂದಾಯಿತು. ಬೆಟ್ಟವೂ ಕಡಲೂ ಗ್ರೀಕರು ಬರುವ ಮೊದಲೂ ಇದ್ದುವು, ಅವರ ವೈಭವ ಕಳೆದ ಮೇಲೂ ಇವೆ. ಆದುದರಿಂದ ನಾಗರಿಕತೆಯನ್ನು ಭೂಮಿಯೊಂದೇ ಹೆತ್ತಿತೆಂದು ಹೇಳಲಾಗದು. ಭೂಮಿಯು ಬಾಗಿಲನ್ನು ತೋರಿಸುವುದು. ಅದನ್ನು ತೆರೆಯುವ ಬಗೆಯನ್ನು ಮೊದಲಿನವರು ಬಂದವರಿಗೆ ಕಲಿಸಬೇಕು, ಬಂದವರಿಗೆ ಕಲಿಯುವ ವಿನಯವಿರಬೇಕು.

ಊರಿಗೆ ಮರಳಿ ಬಂದ ಮೇಲೆ ನಿರುಕ್ತಕೋಶಗಳನ್ನು ತೆರೆದು ಕುಳಿತೆವು. ಗ್ರೀಕಿನಲ್ಲಿ ಸಮುದ್ರಕ್ಕೆ ಬೇರೆ ಹೆಸರುಗಳೂ ಉಂಟು. ಒಂದು ‘ಹಲ್ಸ್’, ಅದರ ಮೂಲಾರ್ಥ ಉಪ್ಪು. ಇನ್ನೊಂದು ‘ಪೊಂತೊಸ್’. ಇದರ ಎದುರಿಗೆ ಕೋಶಕಾರರು ಕೊಟ್ಟ ಸಂಸ್ಕೃತಶಬ್ದವನ್ನು ಕಂಡು ನಾವು ಕನ್ನಡಕವನ್ನು ತೆಗೆದು ಒರಸಿ ಮತ್ತೆ ನೋಡಿದೆವು. ಅದು ‘ಪಂಥಾಃ’, ಅಂದರೆ ದಾರಿ! ಒಳನಾಡಿನಲ್ಲಿ ದಾರಿಗೆ ಹೇಳುತ್ತಿದ್ದ ಮಾತನ್ನು ಆ ಜನ ಇಲ್ಲಿ ಬಂದು, ಹಳಬರಿಂದ ಕಡಲನ್ನು ಕಲಿತ ಬಳಿಕ, ಕಡಲಿಗೆ ಇಟ್ಟರು. ಆ ದಾರಿ ಮುಂದೆ ನಮ್ಮ ವರೆಗೂ ಬಂದಿತು. ಪಾಣಿನಿಯ ಸೂತ್ರಗಳಲ್ಲಿ ಯವನಶಬ್ದವಿದೆ, ಕ್ರಿ. ಶ. ಎರಡನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಭೂಗೋಳವನ್ನು ಬರೆದ ಟ್ಯಾಲೆಮಿಯ ಪಟ್ಟಿಯಲ್ಲಿ ನಮ್ಮ ಬನವಾಸಿಯ ಹೆಸರಿದೆ.

ಇನ್ನು ಆ ಹುಡುಗನಿಗೆ ಸಲ್ಲಬೇಕಾದ ಉತ್ತರ. ಈಗ ಅವನಿಗೆ ನಲವತ್ತು ದಾಟಿರಬೇಕು, ಎಲ್ಲಿರುವನೋ ತಿಳಿಯದು. ಈ ಮಾಸಪತ್ರಿಕೆ ಅವನ ಮನೆಗೆ ಬರುವುದಾದರೆ, ಅವನಾಗಲಿ ಅವನ ಮಕ್ಕಳಾಗಲಿ ಓದಲಿ ಎಂದು ಇಲ್ಲಿ ಬರೆಯುವೆವು. ಮಗೂ, ಸಮುದ್ರಕ್ಕೆ ಅವರು ‘ಥಾಲಸ್ಸಾ’ ಎನ್ನುವರು. ಅದು ನಮ್ಮ ಸಂಸ್ಕೃತದ ಮಾತಿನಂತಿಲ್ಲ. ಕಡಲಿನ ದಡದಲ್ಲಿ ಮೊದಲೇ ಬಾಳಿದ್ದ ಜನರಿಂದ ಅವರು ಪಡೆದ ಮಾತು ಅದು. ನಮ್ಮ ಸಂಸ್ಕೃತವೂ ಹಾಗೆಯೇ ಪಡೆದಿದೆ. ವೇದದಲ್ಲಿ ಮತ್ಸ್ಯವೆಂಬ ಶಬ್ದವುಂಟು. ಈಚೆಗೆ ಬಳಕೆಗೆ ಬಂದ ‘ಮೀನ’, ‘ನೀರ’ ಎಂಬ ಶಬ್ದಗಳು ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋದುವೆಂಬುದನ್ನು ಪಂಡಿತರು ಬಹುಮಟ್ಟಿಗೆ ಒಪ್ಪಿರುವರು. ನಿನ್ನ ತಂದೆ ದಿನವೂ ಆಡುತ್ತಿದ್ದ ಮೀನು, ನೀರು ಎಂಬ ಮಾತುಗಳು ದೇವಭಾಷೆಗೆ ಸಾಲ ಕೊಟ್ಟ ಮನೆತನದವು. ಆ ದಿನ ನೀನು ಕೇಳಿದ ಪ್ರಶ್ನೆಯು ಅಧಿಕಪ್ರಸಂಗವಾಗಿರಲಿಲ್ಲ. ನಮ್ಮ ಕರಿಹಲಗೆಯ ಮೇಲೆ ಇಲ್ಲದಿದ್ದ ಮೂರನೆಯ ಸಾಲು ಅದೇ ಆಗಿದ್ದಿತು.

ಮನೆಯಲ್ಲಿ ಮಕ್ಕಳಿರುವ ವಾಚಕರು ಅವರು ಏನನ್ನಾದರೂ ಕೇಳಿದಾಗ, ತಿಳಿದಿದ್ದರೆ ಹೇಳಲಿ. ತಿಳಿಯದಿದ್ದರೆ ತಿಳಿಯದೆಂದೇ ಹೇಳಲಿ. ಕುಳಿತುಕೋ ಎಂದು ಮಾತ್ರ ಹೇಳದಿರಲಿ. ಅದನ್ನು ತಿದ್ದಿಕೊಳ್ಳುವುದಕ್ಕೆ ನಮಗೆ ಮೂವತ್ತು ವರ್ಷವೂ ಒಂದು ಸಮುದ್ರಯಾನವೂ ಬೇಕಾದುವು.